‘ದ ಟೇಸ್ಟ್ ಆಫ್ ಥಿಂಗ್ಸ್’: ಊಟದ ಕೋಣೆಯ ಪ್ರೇಕ್ಷಕರು, ಅಡುಗೆಮನೆಯ ಪ್ರೇಕ್ಷಕರು

ತ್ರಾನ್ ಆನ್ ಹುಂಗ್ ನಿರ್ದೇಶಿಸಿದ ಫ್ರೆಂಚ್ ಚಿತ್ರ ‘ಲ ಪಾಸಿಯೋಂ ದ ದೊದಾಂ ಬುಫಾಂ’ 2023ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯೂ ಅಲ್ಲಿ ಅವರಿಗೆ ಬಂತು. ಫ್ರಾನ್ಸಿನ ಹೊರಗೆ ಚಿತ್ರ ಹೆಸರಾದದ್ದು ‘ದ ಟೇಸ್ಟ್ ಆಫ್ ಥಿಂಗ್ಸ್’ ಎಂಬ ಇಂಗ್ಲಿಷ್ ಶೀರ್ಷಿಕೆಯಿಂದ. ಇದನ್ನು ನೋಡಿದವರಿಂದ ಪದೇ ಪದೇ ಕೇಳಿಬಂದ ಮಾತುಗಳು ಎರಡು. ಒಂದು, ‘ಇದರಲ್ಲಿ ಏನೂ ನಡೆಯುವುದೇ ಇಲ್ಲ’. ಇನ್ನೊಂದು, ‘ಯಾಕೆಂದು ಹೇಳಲಾರೆ, ಕಣ್ಣು ತುಂಬಿ ಬಂತು’. ಎರಡೂ ಮಾತು ಬಹುಪಾಲು ಚಿತ್ರದ ಒಂದೇ ಭಾಗದ ಬಗ್ಗೆ ಹುಟ್ಟಿದವು: ಮೊದಲ ಅರ್ಧ ಗಂಟೆಗೂ ಮೀರಿ ಸಾಗುವ ಅಡುಗೆಯ ದೃಶ್ಯ. ಒಂದೇ ದೃಶ್ಯ ಒಬ್ಬರಿಗೆ ಬರಿದಾಗಿಯೂ ಮತ್ತೊಬ್ಬರಿಗೆ ತುಂಬಿದ ಹಾಗೂ ಕಾಣುವುದು ಹೇಗೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಪ್ರತಿಕ್ರಿಯೆಗಳನ್ನು ನಾನು ಎಣಿಸಲು ಹೋಗಿಲ್ಲ. ಮೇಲಿಂದ ಮೇಲೆ ಬರುವ ಮಾತುಗಳನ್ನು ಚಿತ್ರದ ಆಯಾ ದೃಶ್ಯದ ಪಕ್ಕದಲ್ಲಿಟ್ಟು ನೋಡಿದ್ದೇನೆ. ಹಾಗೆ ನೋಡಿದಾಗ, ಪ್ರೇಕ್ಷಕರು ಹೀಗೆ ಎರಡಾಗುವುದನ್ನು ಚಿತ್ರವೇ ತನ್ನೊಳಗೆ ಮೊದಲು ತೋರಿಸಿದೆ ಎಂದು ನನಗೆ ಕಾಣುತ್ತದೆ.

ಕಥೆ ಸಣ್ಣದು. 1880ರ ದಶಕ, ಫ್ರಾನ್ಸಿನ ಹಳ್ಳಿಗಾಡಿನ ದೊಡ್ಡ ಮನೆ. ದೊದಾಂ ಹೆಸರಾಂತ ಭೋಜನರಸಿಕ, ಯೂಜೆನಿ ಅವನ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಅಡುಗೆ ಮಾಡಿಕೊಂಡು ಬಂದವಳು. ತಿನಿಸುಗಳನ್ನು ಇಬ್ಬರೂ ಕೂಡಿ ಯೋಚಿಸುತ್ತಾರೆ, ಕೂಡಿ ಮಾಡುತ್ತಾರೆ. ರಾತ್ರಿ ಅವಳ ಕೋಣೆಯ ಬಾಗಿಲು ಅವನಿಗೆ ತೆರೆದಿರುವುದೂ ಉಂಟು, ಮುಚ್ಚಿರುವುದೂ ಉಂಟು. ಮದುವೆಯಾಗೋಣವೆಂದು ಅವನು ಕೇಳುತ್ತಲೇ ಬಂದಿದ್ದಾನೆ, ಅವಳು ಒಪ್ಪದೆ ಬಂದಿದ್ದಾಳೆ. ಕೊನೆಗೊಮ್ಮೆ ಒಪ್ಪುತ್ತಾಳೆ. ಹೆಚ್ಚು ಕಾಲ ಬದುಕುವುದಿಲ್ಲ.

ಮೂಲ, ಮಾರ್ಸೆಲ್ ರೂಫ್ 1924ರಲ್ಲಿ ಪ್ರಕಟಿಸಿದ ಕಾದಂಬರಿ. ಜಿನೀವಾದಲ್ಲಿ ಹುಟ್ಟಿದ ರೂಫ್, ಕ್ಯುರ್ನೊನ್ಸ್ಕಿ ಎಂಬ ಹೆಸರಿನಿಂದ ಖ್ಯಾತರಾದ ಆಹಾರ ಲೇಖಕರ ಜೊತೆ ಸೇರಿ ಫ್ರಾನ್ಸಿನ ಪ್ರಾಂತ್ಯ ಪ್ರಾಂತ್ಯಗಳ ಅಡುಗೆಯ ಬಗ್ಗೆ ಕೈಪಿಡಿಗಳ ಮಾಲೆಯನ್ನೇ ಬರೆದವರು. ಕಾದಂಬರಿ ಶುರುವಾಗುವ ಹೊತ್ತಿಗೆ ಯೂಜೆನಿ ತೀರಿಕೊಂಡಿರುತ್ತಾಳೆ, ದೊದಾಂ ಹೊಸ ಅಡುಗೆಯವಳನ್ನು ಹುಡುಕುತ್ತಿರುತ್ತಾನೆ. ಹುಂಗ್ ಆ ಮೊದಲ ಪುಟಗಳ ಹಿಂದಕ್ಕೆ ಹೋದರು. ಪುಸ್ತಕದಲ್ಲಿ ನೆನಪಷ್ಟೇ ಆಗಿದ್ದ ಹೆಂಗಸನ್ನು ಒಲೆಯ ಮುಂದೆ ತಂದು ನಿಲ್ಲಿಸಿದರು. ಚಿತ್ರದಲ್ಲಿ ‘ಏನೂ ನಡೆಯುವುದಿಲ್ಲ’ ಎಂಬ ಆಕ್ಷೇಪಕ್ಕೆ ಈ ಆಯ್ಕೆಯೂ ಒಂದು ಕಾರಣ. ಕಾದಂಬರಿಯ ಮುಖ್ಯ ಕಥೆ ಶುರುವಾಗುವ ಜಾಗಕ್ಕೆ ಬರುವಷ್ಟರಲ್ಲಿ ಚಿತ್ರ ಮುಗಿಯುತ್ತ ಬಂದಿರುತ್ತದೆ.

ಆ ಮೊದಲ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಳಗಿನ ಜಾವ ಯೂಜೆನಿ ಹಿತ್ತಲಿನಿಂದ ತರಕಾರಿ ಕಿತ್ತು ತರುತ್ತಾಳೆ. ಅಡುಗೆಮನೆಯಲ್ಲಿ ದೊಡ್ಡ ಕಬ್ಬಿಣದ ಒಲೆ, ಗೋಡೆಯುದ್ದಕ್ಕೂ ತಾಮ್ರದ ಪಾತ್ರೆಗಳು. ಕೆಲಸದ ನಡುವೆ ಮನೆಯವರೆಲ್ಲ ಆಮ್ಲೆಟ್ ತಿನ್ನುತ್ತಾರೆ, ಅದೂ ಚಮಚದಲ್ಲಿ. ಆಮೇಲೆ ಒಂದರ ಹಿಂದೆ ಒಂದು ಕೆಲಸ: ಸಾರು ಕುದಿಸಿ, ಬಸಿದು, ಗಾಜಿನ ಹಾಗೆ ತಿಳಿಗೊಳಿಸುವುದು, ಸೀಗಡಿಯ ಜಾತಿಯ ಸಿಹಿನೀರಿನ ಕ್ರೇಫಿಶ್ ಬೇಯಿಸಿ ಸುಲಿಯುವುದು, ಎಳೆಗರುವಿನ ಮಾಂಸವನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು ಒಲೆಯೊಳಗೆ ತಳ್ಳುವುದು, ಟರ್ಬೋ ಎಂಬ ಚಪ್ಪಟೆ ಮೀನನ್ನು, ಅದರ ಆಕಾರಕ್ಕೆಂದೇ ಮಾಡಿದ ವಜ್ರಾಕೃತಿಯ ಪಾತ್ರೆಯಲ್ಲಿ, ಹಾಲಿನಲ್ಲಿ ಬೇಯಿಸುವುದು. ಕ್ಯಾಮೆರಾ ಒಂದೇ. ಅದು ಪಾತ್ರೆಯಿಂದ ಕೈಗೆ, ಕೈಯಿಂದ ಮುಖಕ್ಕೆ, ಮುಖದಿಂದ ಮತ್ತೆ ಪಾತ್ರೆಗೆ ಓಡಾಡುತ್ತ ಇರುತ್ತದೆ. ಮಾತು ತೀರಾ ಕಡಿಮೆ: ಅದು ಕೊಡು, ಇದು ಬಸಿ, ಸಾಕು. ಹಿನ್ನೆಲೆ ಸಂಗೀತವಂತೂ ಇಲ್ಲವೇ ಇಲ್ಲ. ಚಿತ್ರದುದ್ದಕ್ಕೂ ಸಂಗೀತವನ್ನು ದೂರವಿಟ್ಟ ನಿರ್ದೇಶಕರು, ಮಾಸ್ನೆ ಎಂಬ ಸಂಗೀತಗಾರನ ‘ಥಾಯಿಸ್’ ಆಪೆರಾದ ಒಂದು ಭಾಗವನ್ನು ಪಿಯಾನೊದಲ್ಲಿ ಕೇಳಿಸುವುದು ಕಡೆಯಲ್ಲಿ, ಹೆಸರುಗಳು ತೆರೆಯ ಮೇಲೆ ಬರುವಾಗ ಮಾತ್ರ. ಅಲ್ಲಿಯವರೆಗೆ ಕೇಳುವುದು ಬೆಣ್ಣೆ ಚುರುಗುಟ್ಟುವುದು, ನೀರು ಕೊತಕೊತನೆ ಕುದಿಯುವುದು, ಸೌಟು ಪಾತ್ರೆಗೆ ತಾಗುವುದು, ಕಿಟಕಿಯಾಚೆ ಹಕ್ಕಿ ಕೂಗುವುದು.

ಪ್ರೇಕ್ಷಕರ ದೇಹ ಮೊದಲು ಉತ್ತರ ಕೊಡುವುದು ಈ ಸದ್ದುಗಳಿಗೆ. ‘ಹಸಿದ ಹೊಟ್ಟೆಯಲ್ಲಿ ನೋಡಬೇಡಿ’ ಎಂಬ ಬುದ್ಧಿಮಾತು ಈ ಚಿತ್ರದ ಜೊತೆಗೇ ಊರೂರು ಸುತ್ತಿತು. ವಿಮರ್ಶಕರೂ ಅದನ್ನೇ ಬರೆದರು, ಜಾಹೀರಾತೂ ಅದನ್ನೇ ಹಿಡಿಯಿತು. ಈ ಹಸಿವಿಗೆ ಕಾರಣ ತೆರೆಯ ಮೇಲಿನ ಅಡುಗೆ ನಿಜವಾದ ಅಡುಗೆಯೇ ಆಗಿದ್ದದ್ದು. ಪ್ಯಾರಿಸ್ಸಿನ ಪ್ರಸಿದ್ಧ ಬಾಣಸಿಗ ಪಿಯರ್ ಗನ್ಯೇರ್ ಚಿತ್ರದ ಪಾಕ ಸಲಹೆಗಾರರು. ಅವರ ಜೊತೆ ಬಹುಕಾಲ ದುಡಿದ ಮಿಶೆಲ್ ನಾವ್ ಚಿತ್ರೀಕರಣದ ಜಾಗದಲ್ಲೇ ನಿಂತು ಅಡುಗೆ ಮಾಡಿಸಿದರು. ಜಾಹೀರಾತಿನ ಛಾಯಾಚಿತ್ರಗಳಲ್ಲಿ ಆಹಾರಕ್ಕೆ ಎಣ್ಣೆ ಬಳಿದು ಮಿರುಗಿಸುವ ವಾಡಿಕೆಯಿದೆ. ಇಲ್ಲಿ ಹಾಗಲ್ಲ, ಛಾಯಾಗ್ರಾಹಕ ಜೊನಾಥನ್ ರಿಕೆಬೂರ್ ಕಿಟಕಿಯಿಂದ ಬರುವ ಹಗಲಿನ ಬೆಳಕಿನ ಹದ ಹಿಡಿದರು. ಹಾಗಾಗಿ ತಟ್ಟೆ ಹೊಳೆಯುವುದಕ್ಕಿಂತ ಹಬೆಯಾಡುವುದೇ ಹೆಚ್ಚು.

ಆದರೆ ಹಸಿವೊಂದೇ ಆಗಿದ್ದರೆ ಅರ್ಧ ಗಂಟೆ ಕಾಲ ಯಾರನ್ನೂ ಹಿಡಿದು ಕೂರಿಸಲು ಆಗುತ್ತಿರಲಿಲ್ಲ. ಈ ದೃಶ್ಯದ ನಡುವೆ ಯೂಜೆನಿ ತಲೆಸುತ್ತು ಬಂದವಳಂತೆ ಒಂದು ಗಳಿಗೆ ನಿಲ್ಲುತ್ತಾಳೆ, ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಾಳೆ. ಚಿತ್ರದ ದುರಂತ ಶುರುವಾದದ್ದು ಅಲ್ಲಿ. ಅದನ್ನು ಎತ್ತಿ ಹೇಳಲು ಸಂಗೀತವಿಲ್ಲ, ಕ್ಯಾಮೆರಾ ಅಲ್ಲೇ ತಂಗುವುದೂ ಇಲ್ಲ. ಪಾತ್ರೆಯಲ್ಲಿ ಕಣ್ಣಿಟ್ಟವರಿಗೆ ಅದು ತಪ್ಪಿಹೋಗಬಹುದು, ಅವಳ ಮೇಲೆ ಕಣ್ಣಿಟ್ಟವರಿಗೆ ತಪ್ಪದು. ‘ಏನೂ ನಡೆಯುವುದಿಲ್ಲ’ ಎಂದವರನ್ನು ನಾನು ಅವಸರದವರೆಂದು ತಳ್ಳಿಹಾಕಲಾರೆ. ಕಥೆಯೆಂದರೆ ಜಗಳ, ಗುಟ್ಟು, ತಿರುವು ಎಂಬ ನಿರೀಕ್ಷೆ ನ್ಯಾಯವಾದದ್ದೇ, ಮತ್ತು ಈ ಚಿತ್ರದಲ್ಲಿ ಯಾರೂ ಯಾರ ಮೇಲೂ ರೇಗುವುದಿಲ್ಲ. ಕೆಲಸವೇ ಕಥೆಯಾಗಬಲ್ಲದು ಎಂದು ಒಪ್ಪಿದವರಿಗೆ ಮಾತ್ರ ಆ ತಲೆಸುತ್ತು ಒಂದು ಘಟನೆ. ದಿನವೂ ಅಡುಗೆ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ ಎಂಬುದು ನನ್ನ ಊಹೆ. ಒಲೆಯ ಮೇಲೆ ಎರಡು ಪಾತ್ರೆ ಇಟ್ಟುಕೊಂಡು, ಮೈ ಸರಿಯಿಲ್ಲದಿದ್ದರೂ ಉರಿ ಸಣ್ಣ ಮಾಡಲಾಗದೆ ನಿಂತ ಅನುಭವ ಅವರಿಗೆ ಇರುತ್ತದೆ.

ಮಾಂಸದ ವಿಷಯಕ್ಕೆ ಹಿಂಜರಿದವರೂ ಇದ್ದಾರೆ. ಸಸ್ಯಾಹಾರಿಗಳಿಗೆ ಈ ಚಿತ್ರ ಸಲೀಸಲ್ಲ. ಮಾಂಸ ತಿನ್ನುವವರಲ್ಲೂ ಹಲವರು ಒಂದು ದೃಶ್ಯದಲ್ಲಿ ಮುಖ ತಿರುಗಿಸಿದ್ದಾರೆ: ದೊದಾಂ ಮತ್ತು ಅವನ ಗೆಳೆಯರು ತಲೆಯ ಮೇಲೆ ಬಿಳಿ ವಸ್ತ್ರ ಹೊದ್ದು ಓರ್ತೊಲಾಂ ಎಂಬ ಪುಟ್ಟ ಹಕ್ಕಿಯನ್ನು ಇಡಿಯಾಗಿ ತಿನ್ನುವುದು. ಪರಿಮಳ ಆಚೆ ಹೋಗದಿರಲೆಂದು ಆ ಹೊದಿಕೆ ಎನ್ನುತ್ತಾರೆ. ದೇವರ ಕಣ್ಣಿಗೆ ಬೀಳದಿರಲೆಂದು ಎಂಬ ಮಾತೂ ಇದೆ. ಆ ಹಕ್ಕಿಯ ಬೇಟೆ ಇಂದು ಫ್ರಾನ್ಸಿನಲ್ಲಿ ನಿಷಿದ್ಧ. ಹುಂಗ್ ಈ ದೃಶ್ಯವನ್ನು ಮೆಚ್ಚಿಯೂ ತೋರಿಸುವುದಿಲ್ಲ, ಖಂಡಿಸಿಯೂ ತೋರಿಸುವುದಿಲ್ಲ. ಇದ್ದದ್ದನ್ನು ಇದ್ದಂತೆ ಇಡುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ. ಅಂದಿನ ರಸಿಕತೆಯೊಳಗೆ ಈ ಕ್ರೌರ್ಯವೂ ಸೇರಿತ್ತು, ಅದನ್ನು ಬಿಟ್ಟಿದ್ದರೆ ಕಾಲದ ಚಿತ್ರಣ ಸುಳ್ಳಾಗುತ್ತಿತ್ತು.

ಇನ್ನು ಫ್ರಾನ್ಸಿನ ಪ್ರತಿಕ್ರಿಯೆ. ಇದನ್ನು ಬೇರೆಯಾಗಿಯೇ ಇಟ್ಟು ನೋಡಬೇಕು, ಏಕೆಂದರೆ ಅಲ್ಲಿ ಚಿತ್ರ ಬಿಡುಗಡೆಯಾಗುವ ಮುನ್ನವೇ ಒಂದು ವಾದದ ನಡುವೆ ಸಿಕ್ಕಿಕೊಂಡಿತ್ತು. 2023ರ ಕಾನ್‌ನಲ್ಲಿ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆದದ್ದು ಜಸ್ಟಿನ್ ತ್ರಿಯೇ ಅವರ ‘ಅನಾಟಮಿ ಆಫ್ ಎ ಫಾಲ್’. ಪ್ರಶಸ್ತಿ ಸ್ವೀಕರಿಸಿದ ವೇದಿಕೆಯಲ್ಲೇ ತ್ರಿಯೇ, ಪಿಂಚಣಿ ಸುಧಾರಣೆಯ ವಿರುದ್ಧದ ಪ್ರತಿಭಟನೆಗಳನ್ನು ಸರ್ಕಾರ ಹತ್ತಿಕ್ಕಿದ್ದನ್ನು ಟೀಕಿಸಿದ್ದರು. ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಆಯ್ಕೆ ಸಮಿತಿ, ಅಂತರರಾಷ್ಟ್ರೀಯ ಚಿತ್ರ ವಿಭಾಗದ ಆಸ್ಕರ್‌ಗೆ ದೇಶದ ಪರವಾಗಿ ಕಳಿಸಲು ಆರಿಸಿದ್ದು ಹುಂಗ್ ಅವರ ಚಿತ್ರವನ್ನು. ಆ ಭಾಷಣಕ್ಕೆ ಇದು ಶಿಕ್ಷೆಯೇ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಎದ್ದಿತು. ತ್ರಿಯೇ ಅವರ ಚಿತ್ರದಲ್ಲಿ ಇಂಗ್ಲಿಷ್ ಸಂಭಾಷಣೆ ಬಹಳ ಇದ್ದದ್ದು ಕಾರಣವಿರಬಹುದು ಎಂದರು ಕೆಲವರು. ಮುಂದೆ ನಡೆದದ್ದು ವಾದಕ್ಕೆ ತುಪ್ಪ ಸುರಿಯಿತು. ಹುಂಗ್ ಅವರ ಚಿತ್ರ 15 ಚಿತ್ರಗಳ ಕಿರುಪಟ್ಟಿಯವರೆಗೆ ಹೋಗಿ ಅಲ್ಲೇ ನಿಂತಿತು. ‘ಅನಾಟಮಿ ಆಫ್ ಎ ಫಾಲ್’ ಮುಖ್ಯ ವಿಭಾಗಗಳಲ್ಲಿ 5 ನಾಮನಿರ್ದೇಶನ ಪಡೆದು, 2024ರ ಮಾರ್ಚಿನಲ್ಲಿ ಮೂಲ ಚಿತ್ರಕಥೆಯ ಆಸ್ಕರ್ ಗೆದ್ದಿತು.

ಹೀಗಾಗಿ 2023ರ ನವೆಂಬರ್ 8ರಂದು ಫ್ರಾನ್ಸಿನ ಚಿತ್ರಮಂದಿರಗಳಿಗೆ ಬಂದಾಗ ಈ ಚಿತ್ರದ ಎದುರು ಕೂತವರಲ್ಲಿ ಹಲವರು, ದೇಶದ ಪ್ರತಿನಿಧಿಯಾಗಲು ಇದಕ್ಕೆ ಯೋಗ್ಯತೆ ಇದೆಯೇ ಎಂದು ತೂಗುತ್ತ ಕೂತರು. ತೂಕಕ್ಕೆ ಇಟ್ಟಾಗ ಬೇರೆ ದೋಷಗಳು ಕಾಣುತ್ತವೆ: ಹಳೆಯ ವೈಭವದ ಹಂಬಲ, ಪ್ರವಾಸಿಗರಿಗೆ ಮಾರುವ ಫ್ರಾನ್ಸ್, ಬಡತನವಿಲ್ಲದ ಹಳ್ಳಿ. ಫ್ರೆಂಚರ ಭೋಜನ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಪರಂಪರೆಯೆಂದು ಮುದ್ರೆ ಬಿದ್ದ ವಸ್ತುವಿನ ಬಗ್ಗೆ ಆ ದೇಶದ ವಿಮರ್ಶಕರಿಗೆ ಒಂದು ಎಚ್ಚರ ಇರುವುದು ಸಹಜ. ಅಮೆರಿಕದಲ್ಲಿ ಪ್ರೇಮಿಗಳ ದಿನದ ಆಸುಪಾಸಿಗೆ, 2024ರ ಫೆಬ್ರುವರಿಯಲ್ಲಿ, ಇದೇ ಚಿತ್ರ ಬಂದಾಗ ಅಲ್ಲಿನ ವಿಮರ್ಶಕರು ತುಂಬು ಮನಸ್ಸಿನಿಂದ ಹೊಗಳಿದರು. ಅವರ ಹೆಗಲ ಮೇಲೆ ಫ್ರಾನ್ಸಿನ ಭಾರ ಇರಲಿಲ್ಲ. ಅದೇ ಕಾರಣಕ್ಕೆ, ಹೊರಗಿನವರ ಮೆಚ್ಚುಗೆಯೆಲ್ಲ ಹೆಚ್ಚು ಶುದ್ಧ ಎಂದು ತೀರ್ಮಾನಿಸುವುದೂ ಸರಿಯಲ್ಲ. ಅವರಿಗೆ ಈ ಫ್ರಾನ್ಸ್ ಪ್ರಶ್ನೆಯಾಗಿ ಎದುರಾಗುವುದೇ ಇಲ್ಲ.

ಈ ವಾದದಲ್ಲಿ ಎಲ್ಲರೂ ಹೇಳಿ ಮುಂದೆ ಸಾಗಿದ ಒಂದು ಸಂಗತಿಯ ಮೇಲೆ ನಾನು ಸ್ವಲ್ಪ ನಿಲ್ಲಬೇಕು. ‘ಅತಿಯಾಗಿ ಫ್ರೆಂಚ್’ ಎನ್ನಿಸಿಕೊಂಡ ಈ ಚಿತ್ರದ ನಿರ್ದೇಶಕ ವಿಯೆಟ್ನಾಮಿನಲ್ಲಿ ಹುಟ್ಟಿ, 1975ರಲ್ಲಿ, ಹುಡುಗನಾಗಿ ಫ್ರಾನ್ಸಿಗೆ ಬಂದವರು. ಅವರ ಮೊದಲ ಚಿತ್ರ ‘ದ ಸೆಂಟ್ ಆಫ್ ಗ್ರೀನ್ ಪಪಾಯ’ 1993ರ ಕಾನ್‌ನಲ್ಲಿ ಚೊಚ್ಚಲ ಚಿತ್ರಗಳ ಪ್ರಶಸ್ತಿಯಾದ ಕ್ಯಾಮೆರಾ ದೋರ್ ಪಡೆಯಿತು, ವಿಯೆಟ್ನಾಮಿನ ಪರವಾಗಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಒಬ್ಬರೇ ನಿರ್ದೇಶಕರು ಮೂವತ್ತು ವರ್ಷದ ಅಂತರದಲ್ಲಿ ಎರಡು ದೇಶಗಳ ಪರವಾಗಿ ಹೋದದ್ದು ಇದು. ಎರಡು ಚಿತ್ರಗಳ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಆ ಮೊದಲ ಚಿತ್ರವೂ ಅಡುಗೆಮನೆಯದೇ. 1950ರ ದಶಕದ ಸೈಗಾನಿನಲ್ಲಿ ಮುಯಿ ಎಂಬ ಹುಡುಗಿ ಮನೆಗೆಲಸಕ್ಕೆ ಸೇರುತ್ತಾಳೆ, ಪಪಾಯಿ ಹೆಚ್ಚುವುದು ಕಲಿಯುತ್ತಾಳೆ, ದೊಡ್ಡವಳಾಗಿ ಒಬ್ಬ ಸಂಗೀತಗಾರನ ಮನೆಯಲ್ಲಿ ಅಡುಗೆ ಮಾಡುತ್ತಾಳೆ, ಕೊನೆಗೆ ಅವನ ಸಂಗಾತಿಯಾಗುತ್ತಾಳೆ. ಬಾಯಿಲ್ಲದ ಕೆಲಸದವಳನ್ನು ಚೆಂದ ಮಾಡಿ ತೋರಿಸಿದ್ದಾರೆ ಎಂಬ ಟೀಕೆ ಆಗಲೇ ಬಂದಿತ್ತು. ದೊಡ್ಡ ಮುಯಿಯ ಪಾತ್ರ ಮಾಡಿದವರು ತ್ರಾನ್ ನು ಯೆನ್ ಖೆ, ನಿರ್ದೇಶಕರ ಪತ್ನಿ. ಹೊಸ ಚಿತ್ರದ ಉಡುಪುಗಳ ಹೊಣೆ ಅವರದು, ಚಿತ್ರದ ಅರ್ಪಣೆಯೂ ಅವರಿಗೇ.

ಯೂಜೆನಿಯ ಬಗ್ಗೆ ಎದ್ದ ಪ್ರಶ್ನೆಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಬಹಳ ಮಂದಿಗೆ, ಅದರಲ್ಲೂ ಹೆಂಗಸರಿಗೆ, ಚುಚ್ಚಿದ್ದು ಊಟದ ಮೇಜು. ದೊದಾಂ ಮತ್ತು ಅವನ ನಾಲ್ವರು ಗೆಳೆಯರು ಕೂತು ಉಣ್ಣುತ್ತಾರೆ, ಅವಳು ಅಡುಗೆಮನೆಯಲ್ಲಿ. ಊಟ ಮುಗಿದ ಮೇಲೆ ಗೆಳೆಯರು ಅಲ್ಲಿಗೇ ಬಂದು ಹೊಗಳುತ್ತಾರೆ, ನಮ್ಮ ಜೊತೆ ಯಾಕೆ ಕೂರುವುದಿಲ್ಲ ಎಂದು ಕೇಳುತ್ತಾರೆ. ನಿಮ್ಮೊಂದಿಗೆ ನಾನು ಮಾತಾಡುವುದು ತಟ್ಟೆಯ ಮೂಲಕವೇ ಎಂಬ ಅರ್ಥದ ಉತ್ತರ ಕೊಡುತ್ತಾಳೆ. ಇದು ಆತ್ಮಗೌರವದ ಮಾತೇ, ಅಥವಾ ಅಡುಗೆಮನೆಯಲ್ಲೇ ಉಳಿದವಳು ತನಗೆ ತಾನೇ ಹೇಳಿಕೊಂಡ ಸಮಾಧಾನವೇ? ಪ್ರೇಕ್ಷಕರು ಎರಡು ಪಕ್ಷವಾದರು. ಚಿತ್ರ ಮೊದಲನೆಯದರ ಕಡೆ ನಿಲ್ಲುತ್ತದೆ, ಅದಕ್ಕೆ ಆಧಾರವನ್ನೂ ಒದಗಿಸುತ್ತದೆ. ಅವಳು ಕಾಯಿಲೆ ಬಿದ್ದ ಮೇಲೆ ದೊದಾಂ ತಾನೇ ಒಲೆಯ ಮುಂದೆ ನಿಂತು ಅವಳಿಗೆಂದು ಅಡುಗೆ ಮಾಡುತ್ತಾನೆ. ಅವಳೊಬ್ಬಳೇ ಮೇಜಿಗೆ ಕೂರುತ್ತಾಳೆ, ಅವನು ಬಡಿಸುತ್ತಾನೆ, ಅವಳು ಉಣ್ಣುವುದನ್ನು ನೋಡಬಹುದೇ ಎಂದು ಅಪ್ಪಣೆ ಕೇಳುತ್ತಾನೆ. ಮಾಡುವವರು, ಉಣ್ಣುವವರು ಜಾಗ ಬದಲಿಸುತ್ತಾರೆ. ಕಡೆಯ ಸಂಭಾಷಣೆಯಲ್ಲಿ ಅವಳು, ನಾನು ನಿನಗೆ ಅಡುಗೆಯವಳೋ ಹೆಂಡತಿಯೋ ಎಂದು ಕೇಳಿದಾಗ, ಅಡುಗೆಯವಳು ಎಂಬ ಉತ್ತರ ಅವಳಿಗೆ ಸಂತೋಷ ಕೊಡುತ್ತದೆ. ಮುಯಿಯ ಕಥೆ ಕೆಲಸದವಳಿಂದ ಹೆಂಡತಿಯ ಕಡೆ ನಡೆದಿತ್ತು, ಯೂಜೆನಿ ಅದನ್ನು ತಿರುಗಿಸಿ ತನ್ನ ವೃತ್ತಿಯನ್ನು ಆರಿಸಿಕೊಳ್ಳುತ್ತಾಳೆ. ಹಳೆಯ ಟೀಕೆಗೆ ನಿರ್ದೇಶಕರು ಕೊಟ್ಟ ಉತ್ತರವಾಗಿಯೇ ನಾನು ಇದನ್ನು ಓದುತ್ತೇನೆ.

ಪ್ರೇಮಕಥೆಯಾಗಿ ಚಿತ್ರ ತಟ್ಟಿದ ಬಗೆಯಲ್ಲಿ ನಟರ ಪಾಲು ದೊಡ್ಡದು. ಯೂಜೆನಿಯ ಪಾತ್ರದ ಜೂಲಿಯೆಟ್ ಬಿನೋಶ್ ಮತ್ತು ದೊದಾಂ ಪಾತ್ರದ ಬೆನ್ವಾ ಮಾಜಿಮೆಲ್ 1999ರ ಒಂದು ಚಿತ್ರದಲ್ಲಿ ಪ್ರೇಮಿಗಳಾಗಿದ್ದ ಲೇಖಕಿ ಜಾರ್ಜ್ ಸಾಂಡ್ ಮತ್ತು ಕವಿ ಮ್ಯುಸೆ ಆಗಿ ನಟಿಸಿದವರು, ನಿಜ ಬದುಕಿನಲ್ಲೂ ಕೆಲಕಾಲ ಜೊತೆಗಿದ್ದು ಬೇರೆಯಾದವರು. ಇದು ತಿಳಿದು ನೋಡಿದವರಿಗೆ ಪ್ರತಿ ನೋಟದ ಹಿಂದೆ ಮತ್ತೊಂದು ನೋಟ ಕಂಡಿದೆ. ತಿಳಿಯದವರೂ ಮನಸೋತಿದ್ದಾರೆ, ಹಾಗಾಗಿ ಪೂರ್ತಿ ಶ್ರೇಯವನ್ನು ಆ ಹಿಂದಿನ ಕಥೆಗೆ ಕೊಡಬೇಕಾಗಿಲ್ಲ. ನಡುವಯಸ್ಸು ದಾಟುತ್ತಿರುವ ಇಬ್ಬರು ಒಬ್ಬರನ್ನೊಬ್ಬರು ಬಯಸುವುದನ್ನು ಇಷ್ಟು ನೆಮ್ಮದಿಯಿಂದ ತೋರಿಸುವ ಚಿತ್ರಗಳು ಕಡಿಮೆ. ಬೇಯಿಸಿದ ಪಿಯರ್ ಹಣ್ಣಿನಿಂದ ಯೂಜೆನಿಯ ಬೆತ್ತಲೆ ಬೆನ್ನಿಗೆ ಚಿತ್ರ ಜಿಗಿಯುವ ಕ್ಷಣ ಮಾತ್ರ ನನಗೆ ಒಗ್ಗಲಿಲ್ಲ. ಅಷ್ಟು ಹೊತ್ತು ಅವಳ ಕೈಯನ್ನು, ಗಮನವನ್ನು ಗೌರವದಿಂದ ನೋಡಿದ ಕಣ್ಣು ಅಲ್ಲಿ ಅವಳನ್ನೇ ತಿನಿಸು ಮಾಡಿಬಿಡುತ್ತದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಚಿತ್ರದೊಳಗೇ ರುಚಿ ನೋಡುವವರು ಎರಡು ಬಗೆ. ಊಟದ ಕೋಣೆಯ ಗೆಳೆಯರು ಬಲ್ಲವರು. ಯಾವ ದ್ರಾಕ್ಷಾರಸ ಎಲ್ಲಿಯದು, ಹಿಂದಿನ ಬಾಣಸಿಗ ಕರೇಮ್ ಎಂಥವನು, ಎಸ್ಕಾಫಿಯೆ ಎಂಬ ಹೊಸ ಬಾಣಸಿಗ ಏನು ಮಾಡುತ್ತಿದ್ದಾನೆ ಎಂದು ಹರಟುತ್ತಾರೆ. ಮೊಟ್ಟೆಯ ಬಿಳಿಯ ನೊರೆ ಹೊದಿಸಿ ಬಿಸಿ ಮಾಡಿದರೂ ಒಳಗಿನ ಐಸ್‌ಕ್ರೀಮ್ ಕರಗದಿರುವ ‘ನಾರ್ವೇಜಿಯನ್ ಆಮ್ಲೆಟ್’ ಬಂದರೆ, ಆ ನೊರೆ ಶಾಖವನ್ನು ತಡೆಯುವುದು ಹೇಗೆಂದು ವಿವರಿಸುತ್ತಾರೆ. ಅಡುಗೆಮನೆಯಲ್ಲಿ ಪೋಲಿನ್ ಎಂಬ ರೈತರ ಮನೆಯ ಹುಡುಗಿ ಇದ್ದಾಳೆ. ದೊದಾಂ ಒಂದು ಸಾಸ್ ಕೊಟ್ಟು ನೆಕ್ಕಿ ನೋಡು ಎಂದರೆ, ಅದರಲ್ಲಿ ಬಿದ್ದ ಪದಾರ್ಥಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾಳೆ. ಆದರೆ ಆ ಐಸ್‌ಕ್ರೀಮಿನ ತಿನಿಸು ಬಾಯಿಗಿಟ್ಟಾಗ ಅವಳಿಗೆ ಅಳು ಬಂದಂತಾಗುತ್ತದೆ, ಯಾಕೆಂದು ಹೇಳಲು ತಿಳಿಯುವುದಿಲ್ಲ. ದೊದಾಂ ಮತ್ತು ಯೂಜೆನಿ ತಮ್ಮ ವಿದ್ಯೆಗೆ ವಾರಸುದಾರಳೆಂದು ಗುರುತಿಸುವುದು ಈ ಹುಡುಗಿಯನ್ನು. ಚಿತ್ರ ನೋಡಿ ‘ಯಾಕೆಂದು ಹೇಳಲಾರೆ’ ಎಂದ ಪ್ರೇಕ್ಷಕರು ಅರಿಯದೆಯೇ ಪೋಲಿನ್‌ಳ ಮಾತನ್ನು ಆಡಿದ್ದಾರೆ. ಫ್ರಾನ್ಸಿನ ಪತ್ರಿಕೆಗಳ ವಾದ ನಡೆದದ್ದು ಊಟದ ಕೋಣೆಯಲ್ಲಿ. ಅಲ್ಲಿ ಜ್ಞಾನವಿದೆ, ಇತಿಹಾಸವಿದೆ, ತೂಕವಿದೆ, ಅದೂ ಬೇಕು. ಚಿತ್ರ ಆ ಕೋಣೆಯನ್ನು ಹಗುರ ಮಾಡುವುದಿಲ್ಲ. ತನ್ನ ಹೆಚ್ಚಿನ ಸಮಯವನ್ನು ಮಾತ್ರ ಒಲೆಯ ಬಳಿ ಕಳೆಯುತ್ತದೆ.

ಯುರೇಷಿಯಾದ ರಾಜಕುಮಾರನೊಬ್ಬ ಕೊಟ್ಟ ಔತಣದ ಪ್ರಸಂಗ ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತದೆ. ಬಾಣಸಿಗನ ವೇಷದಲ್ಲಿ ಸ್ವತಃ ಗನ್ಯೇರ್ ಬಂದು ತಿನಿಸುಗಳ ಉದ್ದದ ಪಟ್ಟಿ ಓದುತ್ತಾರೆ. ಗಂಟೆಗಟ್ಟಲೆ ನಡೆಯುವ ಆ ಊಟವನ್ನು ನಿರ್ದೇಶಕರು ನಮಗೆ ತೋರಿಸುವುದೇ ಇಲ್ಲ. ಪಟ್ಟಿ ಕೇಳಿಸುತ್ತಾರೆ, ಆಮೇಲೆ ಅದು ಯಾಕೆ ಸೋತಿತೆಂದು ದೊದಾಂ ಬಾಯಲ್ಲಿ ಹೇಳಿಸುತ್ತಾರೆ. ಅದಕ್ಕೆ ಮರುಔತಣವಾಗಿ ದೊದಾಂ ಮಾಡಹೊರಡುವುದು ಪೊ-ತೊ-ಫ, ಮಾಂಸ ತರಕಾರಿ ಹಾಕಿ ಸಣ್ಣ ಉರಿಯಲ್ಲಿ ಹೊತ್ತುಗಟ್ಟಲೆ ಕುದಿಸುವ, ಬಡವರ ಮನೆಯಲ್ಲೂ ಮಾಡುವ ಸಾಮಾನ್ಯ ಅಡುಗೆ. ಮೂಲ ಕಾದಂಬರಿಯಲ್ಲಿ ಆ ಔತಣ ನಡೆಯುತ್ತದೆ. ಚಿತ್ರದಲ್ಲಿ ಅದು ಕೈಗೂಡುವ ಮೊದಲೇ ಯೂಜೆನಿ ತೀರಿಕೊಳ್ಳುತ್ತಾಳೆ. ಆಮೇಲಿನ ಭಾಗ ಸಡಿಲವಾಯಿತು ಎಂದವರು ಕಾಯುತ್ತಿದ್ದದ್ದು ಈ ಔತಣಕ್ಕೆ. ಅವರ ನಿರಾಸೆ ನಿಜ. ದೊದಾಂ ಊಟ ಬಿಟ್ಟು ಕೂತಿರುವಾಗ ನಮಗೊಂದು ವಿಜಯದ ಊಟ ಬಡಿಸಲು ಹುಂಗ್ ಒಪ್ಪಲಿಲ್ಲ.

ಒಂದು ಕೊರತೆಯನ್ನು ಮಾತ್ರ ಚಿತ್ರದ ಪರ ಇರುವವರೂ ವಿರೋಧಿಸುವವರೂ ಸಾಕಷ್ಟು ಗಮನಿಸಿಲ್ಲ. ಆ ಅಡುಗೆಮನೆಯಲ್ಲಿ ವಯೊಲೆಟ್ ಎಂಬ ಸಹಾಯಕಿ ಇದ್ದಾಳೆ, ಪೋಲಿನ್‌ಳ ಚಿಕ್ಕಮ್ಮ. ಗಲಾಟಿಯಾ ಬೆಲ್ಲೂಜಿ ಆ ಪಾತ್ರವನ್ನು ಬಹಳ ನಿಗಾದಿಂದ ಮಾಡಿದ್ದಾರೆ. ಮೊದಲ ದೃಶ್ಯದುದ್ದಕ್ಕೂ ಎತ್ತುವುದು, ಸುರಿಯುವುದು, ಹಿಡಿಯುವುದು, ಒಯ್ಯುವುದು ಅವಳ ಪಾಲು. ಯೂಜೆನಿಗೆ ಕಲೆಯ ಗೌರವ ಸಿಕ್ಕಿತು, ಪೋಲಿನ್‌ಗೆ ಪ್ರತಿಭೆಯ ಗೌರವ ಸಿಕ್ಕಿತು, ವಯೊಲೆಟ್‌ಳ ನಾಲಿಗೆ ಏನು ಬಲ್ಲದು ಎಂದು ಚಿತ್ರ ಹೆಚ್ಚೇನೂ ವಿಚಾರಿಸುವುದಿಲ್ಲ. ಅಷ್ಟೊಂದು ತಾಮ್ರದ ಪಾತ್ರೆ ಬೆಳಗುವ ಕೆಲಸಕ್ಕೆ, ಅಡುಗೆಗೆ ಸಿಕ್ಕ ಸಮಯದಲ್ಲಿ ಚೂರು ಪಾಲೂ ಸಿಕ್ಕಿಲ್ಲ. ಬಡತನವಿಲ್ಲದ ಹಳ್ಳಿ ಎಂಬ ಫ್ರೆಂಚ್ ಟೀಕೆಗೆ ಗಟ್ಟಿ ನೆಲೆ ಬೇಕಿದ್ದರೆ ಅದು ಇಲ್ಲಿತ್ತು. ಟೀಕಿಸಿದವರು ಅದನ್ನು ಮೇಜಿನ ಮೇಲಿನ ತಿನಿಸಿನಲ್ಲಿ, ರಾಜಕುಮಾರನ ಔತಣದಲ್ಲಿ ಹುಡುಕಿದರು. ಮುಂದೆ ಈ ಚಿತ್ರದ ಬಗ್ಗೆ ಬರೆಯುವವರು ಮೊದಲ ಅರ್ಧ ಗಂಟೆಯನ್ನು ಇನ್ನೊಮ್ಮೆ, ವಯೊಲೆಟ್‌ಳ ಕೈಗಳನ್ನೇ ಹಿಂಬಾಲಿಸಿ, ನೋಡಬೇಕು.